ಲಾಂಡ್ರಿಯ ಗೋಡೆ

ಕೆಲಸ ಹೋದ ಮೇಲೆ ಶಾಂಭವಿ ಮನೆಯ ಗೋಡೆಗಳಿಗೆ ಬಣ್ಣ ಹಚ್ಚತೊಡಗಿದಳು. ಫೆಬ್ರವರಿಯಲ್ಲಿ ಊಟದ ಕೋಣೆ ಹಸಿರಾಯಿತು. ಮಾರ್ಚ್‌ನಲ್ಲಿ ಅದೇ ಕೋಣೆ ತಿಳಿಹಳದಿಯಾಯಿತು. ಏಪ್ರಿಲ್ ಮೊದಲ ವಾರ ಅವಳು ಅದೇ ಕೋಣೆಯ ಅಂಚಿಗೆ ಮತ್ತೆ ಟೇಪು ಅಂಟಿಸುತ್ತಿದ್ದಾಗ, ಆಸ್ಪತ್ರೆಯ ಡ್ಯೂಟಿ ಮುಗಿಸಿ ಆಗಷ್ಟೇ ಬಂದ ಗಂಡ ರಾಜಶೇಖರ್ ಕೈಯಲ್ಲಿದ್ದ ಚೀಲವನ್ನೂ ಕೆಳಗಿಡದೆ ಬಾಗಿಲಲ್ಲೇ ನಿಂತುಬಿಟ್ಟ.

"ಶಾಂಭವಿ, ಈ ಗ್ವಾಡಿ ನಿನಗೇನ್ ಅನ್ಯಾಯ ಮಾಡೇದ? ಬಿಡು ಅದನ್ನ. ಇನ್ನೊಂದ್ ಕೋಟ್ ಬಿದ್ರ ಡೈನಿಂಗ್ ಟೇಬಲ್ ಒಳಗ ಹಿಡಿಯೂದಿಲ್ಲ."

ಅದು 2009. ಡೆಟ್ರಾಯ್ಟ್ ಸುತ್ತಲಿನ ಕಾರು ಕಂಪನಿಗಳು ಮಹಡಿ ಮಹಡಿಯಾಗಿ ಜನರನ್ನು ಮನೆಗೆ ಕಳಿಸುತ್ತಿದ್ದ ವರ್ಷ. ಊರಾಚೆ ನಾರ್ತ್‌ವಿಲ್‌ನ ಅವರ ಬಡಾವಣೆಯಲ್ಲೇ ಹನ್ನೊಂದು ಮನೆಗಳ ಮುಂದೆ ಆಫೀಸಿನ ಹೊತ್ತಿನಲ್ಲೂ ಕಾರು ನಿಂತಿರುತ್ತಿತ್ತು. ಶಾಂಭವಿಗೆ ಆಗ ಐವತ್ತೊಂದು. ಧಾರವಾಡದಲ್ಲಿ ಕೆಮಿಸ್ಟ್ರಿ ಓದಿ, ಇಲ್ಲಿಗೆ ಬಂದು, ಹತ್ತೊಂಬತ್ತು ವರ್ಷ ಒಂದೇ ಕಾರ್ಖಾನೆಯ ಪೇಂಟ್ ಶಾಪ್‌ನಲ್ಲಿ ಎಂಜಿನಿಯರ್ ಆಗಿದ್ದವಳು. ಕಾರಿನ ಮೈಮೇಲೆ ಬಣ್ಣ ಹೇಗೆ ಕೂರುತ್ತದೆ, ಯಾಕೆ ಏಳುತ್ತದೆ ಎಂಬುದರಲ್ಲಿ ಅವಳಿಗೆ ಎದುರು ಹೇಳುವವರಿರಲಿಲ್ಲ. ಗಂಡ ಡಾಕ್ಟರು, ಅವನ ನೌಕರಿ ಗಟ್ಟಿಯಿತ್ತು. ಮಗಳು ಓದು ಮುಗಿಸಿ ಸಿಯಾಟಲ್ ಸೇರಿದ್ದಳು. ಹಾಗಾಗಿ ಮನೆಗೆ ತೊಂದರೆಯೇನೂ ಆಗಲಿಲ್ಲ. ತೊಂದರೆಯಾದದ್ದು ಅವಳ ಎರಡು ಕೈಗಳಿಗೆ. ಅವಕ್ಕೆ ಸುಮ್ಮನಿರಲು ಬರುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಇನ್ನೂ ಒಂದು ಡಬ್ಬಿ ಬಣ್ಣ ತರಲು ಹಾರ್ಡ್‌ವೇರ್ ಅಂಗಡಿಗೆ ಹೋದಳು. ಕೌಂಟರ್‌ನಲ್ಲಿ ಅವಳಿಗಿಂತ ಮುಂದೆ ಒಬ್ಬರು ಕಪ್ಪು ಜನಾಂಗದ ಮುದುಕರು ನಿಂತಿದ್ದರು. ಎತ್ತರದ, ಒಣಕಲು ಮೈ. ತಲೆಗೆ ಉಣ್ಣೆಯ ಟೊಪ್ಪಿಗೆ. ಬೆರಳುಗಳ ಸಂದಿಯಲ್ಲಿ ಮೂರು ಬಗೆಯ ನೀಲಿ. ಅವರು ಅಂಗೈಯಲ್ಲಿ ಬಣ್ಣದ ಒಂದು ಒಣ ಸಿಪ್ಪೆಯನ್ನು ಹಿಡಿದುಕೊಂಡು ಅಂಗಡಿಯ ಹುಡುಗಿಗೆ ತೋರಿಸುತ್ತಿದ್ದರು.

"ಇದು ನನ್ನ ಗೋಡೆಯಿಂದ ಬಿದ್ದದ್ದು. ಹೊರಗಡೆಗೆ ಅಂತಲೇ ನೀವು ಕೊಟ್ಟ ಬಣ್ಣ. ಎರಡನೇ ಸಲ ಹೀಗಾಗ್ತಿದೆ."

ಹುಡುಗಿ ಆ ಸಿಪ್ಪೆಯನ್ನು ನೋಡಿ, ಕಂಪ್ಯೂಟರ್ ನೋಡಿ, ಮತ್ತೆ ಸಿಪ್ಪೆ ನೋಡಿದಳು. ಶಾಂಭವಿಗೆ ತಡೆಯಲಾಗಲಿಲ್ಲ. ಕೈ ಚಾಚಿ ಆ ಸಿಪ್ಪೆಯನ್ನು ಎತ್ತಿಕೊಂಡು ತಿರುಗಿಸಿ ನೋಡಿದಳು. ಹಿಂಬದಿಯಲ್ಲಿ ಉಪ್ಪಿನ ಬಿಳಿ ಪುಡಿ ಅಂಟಿತ್ತು.

"ಇಟ್ಟಿಗೆ ಗೋಡೆನಾ? ಉತ್ತರಕ್ಕೆ ಮುಖ ಮಾಡಿದೆಯಾ?" ಎಂದು ಕೇಳಿದಳು.

ಮುದುಕರು ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಹೌದು. ನೀವು ಯಾರು, ಜ್ಯೋತಿಷ್ಯ ಹೇಳೋರಾ?"

"ಪೇಂಟ್ ಎಂಜಿನಿಯರ್. ಆಗಿದ್ದೆ, ಜನವರಿ ತನಕ."

"ಓ," ಎಂದರು ಅವರು. ಮುಖ ಸಡಿಲವಾಯಿತು. "ನಾನು ಕಾರ್ ಫ್ಯಾಕ್ಟರಿ ಪೇಂಟ್ ಬೂತ್‌ನಲ್ಲಿದ್ದೆ. ಮೂವತ್ತಮೂರು ವರ್ಷ, ಕೈಯಲ್ಲಿ ಸ್ಪ್ರೇ ಗನ್. ನಿಮ್ಮಂಥೋರು ಕಾಗದ ಹಿಡ್ಕೊಂಡು ಬಂದು ಗಾಜಿನ ಆಚೆಯಿಂದ ನಮ್ಮನ್ನ ನೋಡ್ತಿದ್ರಿ."

ಅವರ ಹೆಸರು ಒಡೆಲ್ ಪ್ರೂಯಿಟ್. ವಯಸ್ಸು ಎಪ್ಪತ್ತೊಂದು. ಗೋಡೆ ನೋಡಲು ಬರುತ್ತೀರಾ ಎಂದು ಅವರೇ ಕರೆದರು. ಶಾಂಭವಿ ಬಣ್ಣದ ಡಬ್ಬಿ ಕೊಳ್ಳದೆ ಅಂಗಡಿಯಿಂದ ಹೊರಬಂದು ಗಂಡನಿಗೆ ಫೋನ್ ಮಾಡಿದಳು.

"ಡೆಟ್ರಾಯ್ಟ್‌ನಾಗ ಒಂದು ಗ್ವಾಡಿ ನೋಡಾಕ ಹೊಂಟೇನ್ರಿ. ಮಧ್ಯಾಹ್ನಕ್ಕ ಅನ್ನ ನೀವ ಇಟ್ಕೋರಿ."

"ಮನಿ ಗ್ವಾಡಿ ಮುಗದ್ವು ಅಂತ ಈಗ ಊರ ಗ್ವಾಡಿ ಹಿಡದಿ ಏನು?" ಎಂದ ರಾಜಶೇಖರ್.

ಗೋಡೆ ಇದ್ದದ್ದು ಡೆಟ್ರಾಯ್ಟ್‌ನ ಪಶ್ಚಿಮ ಭಾಗದ ಒಂದು ಬೀದಿಯಲ್ಲಿ. ಮೊದಲ ಎರಡು ಮನೆ ಖಾಲಿ, ಮೂರನೆಯದರಲ್ಲಿ ಕ್ಷೌರದಂಗಡಿ, ಆಮೇಲೆ ಒಂದು ಚರ್ಚು, ಅದರ ಎದುರಿಗೆ ಎರಡಂತಸ್ತಿನ ಹಳೆಯ ಇಟ್ಟಿಗೆ ಕಟ್ಟಡ. ಒಂದು ಕಾಲದಲ್ಲಿ ಹೋಟೆಲುಗಳ ಹಾಸಿಗೆ ಬಟ್ಟೆಯೆಲ್ಲ ಇಲ್ಲಿಗೇ ಒಗೆಯಲು ಬರುತ್ತಿತ್ತಂತೆ. ಆ ಲಾಂಡ್ರಿ ಮುಚ್ಚಿ ಮೂವತ್ತು ವರ್ಷ ಕಳೆದ ಮೇಲೆ, ಯೋಲಾಂಡಾ ಮಾಬ್ರಿ ಎಂಬ ಡ್ರಾಯಿಂಗ್ ಟೀಚರ್ ಅಲ್ಲಿ ಕಲಾವಿದರ ಸಂಸ್ಥೆಯೊಂದನ್ನು ಶುರು ಮಾಡಿದ್ದರು. ಊರಿನ ಕಪ್ಪು ಕಲಾವಿದರಿಗೆ ಅಲ್ಲಿ ಕೆಲಸ ಮಾಡಲು ಜಾಗ, ಬಣ್ಣ, ಬೆಳಕು, ಬಂದು ನೋಡುವ ಜನ ಎಲ್ಲ ಸಿಗುತ್ತಿತ್ತು. ಪ್ರತಿಯೊಬ್ಬರಿಗೂ ಬಾಗಿಲಿನ ಒಂದೊಂದು ಕೀಲಿಕೈ. ಸಂಸ್ಥೆಗೆ ಉದ್ದದ ಹೆಸರೊಂದಿತ್ತು, ಆದರೆ ಎಲ್ಲರ ಬಾಯಲ್ಲೂ ಅದು ಲಾಂಡ್ರಿಯೇ.

ಒಡೆಲ್ ಇಡೀ ಬದುಕು ಕಾರುಗಳಿಗೆ ಬಣ್ಣ ಹೊಡೆದು, ಸಂಜೆ ಮನೆಗೆ ಬಂದು ನೆಲಮಾಳಿಗೆಯಲ್ಲಿ ಮನುಷ್ಯರ ಚಿತ್ರ ಬರೆಯುತ್ತಿದ್ದವರು. ಪೇಟೆಯ ಗ್ಯಾಲರಿಗಳಿಗೆ ಮೂರು ಸಲ ಹೊತ್ತುಕೊಂಡು ಹೋಗಿದ್ದರು. ಮೂರು ಸಲವೂ ಅಲ್ಲಿನವರು ಮುಂದಿನ ವರ್ಷ ನೋಡೋಣ ಎಂದಿದ್ದರು. ಲಾಂಡ್ರಿಯಲ್ಲಿ ಒಡೆಲ್‌ಗೆ ಕೊಟ್ಟ ಕೋಣೆಯ ಬಾಗಿಲಿಗೆ ಯೋಲಾಂಡಾ 'ಒಡೆಲ್ ಪ್ರೂಯಿಟ್, ಚಿತ್ರಕಾರ' ಎಂದು ಬರೆಸಿದ ದಿನ ಅವರು ಕೋಣೆಯೊಳಗೆ ಹೋಗದೆ ಹೊರಗಡೆ ಒಂದು ಗಂಟೆ ನಿಂತೇ ಇದ್ದರಂತೆ. ಈಗ ಸಂಸ್ಥೆ ಅವರಿಗೆ ಕಟ್ಟಡದ ಉತ್ತರದ ಗೋಡೆಯನ್ನೇ ಕೊಟ್ಟಿತ್ತು. ಸೆಪ್ಟೆಂಬರ್ ಎರಡನೆಯ ಶನಿವಾರ ಬೀದಿಯವರೆಲ್ಲ ಸೇರಿ ಅದನ್ನು ನೋಡುವುದೆಂದು ನಿಶ್ಚಯವಾಗಿತ್ತು.

ಗೋಡೆಯ ತುಂಬ ಹೆಂಗಸರು. ಹಿಂದೆ ಈ ಲಾಂಡ್ರಿಯಲ್ಲಿ ದುಡಿದವರು: ಹಾಸು ಹಿಂಡುವವರು, ಮಡಚುವವರು, ಬೆನ್ನು ಬಾಗಿಸಿ ಇಸ್ತ್ರಿ ಮಾಡುವವರು. ಎಲ್ಲರಿಗಿಂತ ಮೇಲೆ, ಹದಿನೈದು ಅಡಿ ಎತ್ತರದಲ್ಲಿ, ತೋಳು ಮಡಚಿದ ಒಬ್ಬಳು ದೊಡ್ಡ ಹೆಂಗಸು. ಅವಳ ಅರ್ಧ ಗಲ್ಲ ಉದುರಿಹೋಗಿತ್ತು.

"ನಮ್ಮಮ್ಮ ಲೂಲಾ," ಎಂದರು ಒಡೆಲ್. "ಹದಿನಾರು ವರ್ಷ ಇಲ್ಲೇ ಇಸ್ತ್ರಿ ಮಾಡಿದ್ಲು. ನನಗೆ ಒಂಬತ್ತು ವರ್ಷ ಆದಾಗ ತೀರ್ಕೊಂಡ್ಲು."

ಯೋಲಾಂಡಾ ಹೊರಗೆ ಬಂದರು. ಐವತ್ತರ ಆಸುಪಾಸಿನ ಗಟ್ಟಿಮುಟ್ಟು ಹೆಂಗಸು, ಕೊರಳಲ್ಲಿ ಕೀಲಿಕೈಗಳ ಗೊಂಚಲು. ಶಾಂಭವಿಯ ಪರಿಚಯ ಮಾಡಿಕೊಂಡು ನೇರ ಕೇಳಿದರು: "ನಮ್ಮಲ್ಲಿಗೆ ತುಂಬ ಜನ ಬರ್ತಾರೆ. ಕೆಲವರು ನಮ್ಮನ್ನ ಉದ್ಧಾರ ಮಾಡೋಕೆ, ಕೆಲವರು ಫೋಟೋ ತೆಗೆಸಿಕೊಳ್ಳೋಕೆ. ನೀವು ಯಾತಕ್ಕೆ ಬಂದ್ರಿ?"

"ನನಗೆ ಮಾಡೋಕೆ ಕೆಲಸ ಇಲ್ಲ, ಅದಕ್ಕೆ," ಎಂದಳು ಶಾಂಭವಿ.

ಯೋಲಾಂಡಾ ಕೀಲಿಕೈಗಳೆಲ್ಲ ಗಲಗಲ ಅನ್ನುವ ಹಾಗೆ ನಕ್ಕರು. "ಹಾಗಾದ್ರೆ ಒಳಗೆ ಬನ್ನಿ, ಕಾಫಿ ಇದೆ."

ಶಾಂಭವಿ ತೇವ ಅಳೆಯುವ ತನ್ನ ಮೀಟರ್ ತಂದು ಗೋಡೆಯನ್ನು ಪರೀಕ್ಷಿಸಿದಳು. ಕೈಗೆಟುಕಿದ ಕಡೆಯಲ್ಲೆಲ್ಲ ಮುಟ್ಟಿ, ಹಾಳೆಯಲ್ಲಿ ಗುರುತು ಹಾಕಿಕೊಂಡು, ಎರಡು ದಿನ ಬಿಟ್ಟು ತೀರ್ಪು ಕೊಟ್ಟಳು. ಗೋಡೆ ಒಣಗಿದೆ. ಮಳೆ ಹಿಮದ ನೀರು ಹೊರಗಿನಿಂದ ಇಟ್ಟಿಗೆಯೊಳಗೆ ಹೋಗಿ ಅದರ ಉಪ್ಪನ್ನು ಮೇಲೆ ತರುತ್ತಿದೆ. ಕೆರೆದು ತೊಳೆದು, ಮೇಲೆ ಒಳ್ಳೆಯ ಸೀಲರ್ ಹಚ್ಚಿ, ಅದರ ಮೇಲೆ ಚಿತ್ರ ಬರೆದರೆ ಆಯಿತು.

ಒಡೆಲ್ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. "ಇಟ್ಟಿಗೆ ಉಸಿರಾಡಬೇಕಲ್ವಾ, ಮಿಸ್ ಶಾಂ?"

"ಈ ಸೀಲರ್ ಹೊರಗಿನ ಒಂದು ಹನಿ ನೀರನ್ನೂ ಒಳಗೆ ಬಿಡಲ್ಲ."

"ಒಳಗಿನ ನೀರನ್ನ?"

"ಒಳಗೆ ನೀರು ಎಲ್ಲಿದೆ? ಮೀಟರ್ ನೋಡಿ."

ಒಡೆಲ್ ಮೀಟರ್ ನೋಡಿದರು. ಟೊಪ್ಪಿಗೆ ಮತ್ತೆ ಹಾಕಿಕೊಂಡು ಏಣಿ ತರಲು ಹೋದರು.

ಮೇ ತಿಂಗಳು ಚೆನ್ನಾಗಿ ನಡೆಯಿತು. ಶಾಂಭವಿ ದಿನಾ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಮೂವತ್ತು ಮೈಲಿ ಡ್ರೈವ್ ಮಾಡಿ ಹೋಗುವಳು. ಗೋಡೆ ಕೆರೆದಳು, ಸೀಲರ್ ಹೊಡೆದಳು, ಒಡೆಲ್‌ಗೆ ಬಣ್ಣ ಬೆರೆಸಿಕೊಟ್ಟಳು. ಒಬ್ಬೊಬ್ಬ ಹೆಂಗಸಿನ ಮೈಬಣ್ಣವೂ ಬೇರೆ ಬೇರೆ ಆಗಬೇಕೆಂಬುದು ಅವರ ಹಟ. ಬೆಲ್ಲದ ಬಣ್ಣ, ಹುಣಸೆಹಣ್ಣಿನ ಬಣ್ಣ, ಹುರಿದ ಕಾಫಿಬೀಜದ ಬಣ್ಣ ಎಂದು ಶಾಂಭವಿ ತನ್ನ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿಟ್ಟುಕೊಂಡಳು. ಕಾರ್ಖಾನೆಯಲ್ಲಿ ಬಣ್ಣಗಳಿಗೆ ನಂಬರಿದ್ದವು. ಇಲ್ಲಿ ಒಡೆಲ್, "ಇದು ಮಿಸೆಸ್ ಗ್ರೀರ್, ಇನ್ನೂ ಸ್ವಲ್ಪ ಬೆಚ್ಚಗಾಗಬೇಕು," ಎನ್ನುತ್ತಿದ್ದರು. ಅವಳು ಇನ್ನೊಂದು ಚಮಚ ಕೆಂಪು ಹಾಕುತ್ತಿದ್ದಳು.

ಆ ತಿಂಗಳ ಮೊದಲ ಶನಿವಾರ ಪಕ್ಕದೂರು ನೋವೈಯಲ್ಲಿ ಕನ್ನಡ ಕೂಟದ ಬಸವ ಜಯಂತಿಯ ಊಟವಿತ್ತು. ರಾಜಶೇಖರ್ ಒಬ್ಬನೇ ಹೋಗಿದ್ದ. ಕೂಟದ ಹಿರಿಯರು, ಮೈಸೂರಿನ ಶೇಷಾದ್ರಿ, ಪಂಕ್ತಿಯಲ್ಲಿ ಪಕ್ಕಕ್ಕೆ ಕೂತು, "ಎಲ್ಲಿ ಡಾಕ್ಟ್ರೇ, ಶಾಂಭವಿ ಕಾಣಿಸ್ತಿಲ್ಲ?" ಎಂದರು.

"ಆಕಿ ಲಾಂಡ್ರಿಗೆ ಹೋಗ್ಯಾಳ್ರಿ," ಎಂದ ರಾಜಶೇಖರ್, ಬಾಯಲ್ಲಿ ಹೋಳಿಗೆ. "ಶನಿವಾರನೂ ಬಿಡಂಗಿಲ್ಲ. ಕೈತುಂಬ ಕೆಲಸ. ಭಾಳ ಖುಷಿ ಆಗ್ಯಾಳ ನೋಡ್ರಿ." ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನ್ ಬಂತು. ಅವನು ಎದ್ದು ಹೋದ.

ಅದರ ಮರುವಾರದಿಂದ ಶಾಂಭವಿಯ ಮನೆಗೆ ಊಟ ಬರತೊಡಗಿತು. ಶೇಷಾದ್ರಿಯವರ ಹೆಂಡತಿ ಅಂಬುಜಾ ಒಂದು ಪಾತ್ರೆ ಬಿಸಿಬೇಳೆಬಾತ್ ಬಾಗಿಲಲ್ಲಿಟ್ಟು ಬೆಲ್ ಒತ್ತದೆ ಹೋದರು. ಯಾರೋ ಚಕ್ಕುಲಿ ಕಳಿಸಿದರು. ಶೇಷಾದ್ರಿ ಈಮೇಲ್ ಬರೆದರು: ಶಿಕಾಗೊ ಹತ್ತಿರದ ಡೆಸ್ ಪ್ಲೇನ್ಸ್‌ನಲ್ಲಿ, ಏರ್‌ಪೋರ್ಟ್ ಪಕ್ಕದಲ್ಲೇ, ನನ್ನ ತಮ್ಮನ ಆಫೀಸಿದೆ, ಕೂತು ಮಾಡುವ ಕೆಲಸ, ದಿನವಿಡೀ ನಿಲ್ಲಬೇಕಾಗಿಲ್ಲ, ನೀರಿನಲ್ಲಿ ಕೈ ಅದ್ದಬೇಕಾಗಿಲ್ಲ, ಯೋಚನೆ ಮಾಡಿ. ಶಾಂಭವಿ ಅದನ್ನು ಎರಡು ಸಲ ಓದಿದಳು.

"ನೀರಿನ್ಯಾಗ ಕೈ ಯಾಕ ಅದ್ದಬೇಕ್ರಿ ನಾ?" ಎಂದು ಗಂಡನನ್ನು ಕೇಳಿದಳು.

"ಶೇಷಾದ್ರಿಯವರಿಗೆ ವಯಸ್ಸಾತು ಬಿಡು," ಎಂದು ಅವನು ಬಿಸಿಬೇಳೆಬಾತ್ ಬಡಿಸಿಕೊಂಡ.

ಜೂನ್ ಮೂರನೆಯ ವಾರ ನಾಲ್ಕು ದಿನ ಬಿಡದೆ ಮಳೆ ಸುರಿಯಿತು. ಐದನೆಯ ದಿನ ಬಿಸಿಲು ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು. ಶಾಂಭವಿ ಲಾಂಡ್ರಿಯ ಮುಂದೆ ಕಾರು ನಿಲ್ಲಿಸಿದಾಗ ಒಡೆಲ್, ಯೋಲಾಂಡಾ ಇಬ್ಬರೂ ಗೋಡೆಯ ಎದುರು ನಿಂತಿದ್ದರು. ಗೋಡೆಯ ಮೇಲರ್ಧವೆಲ್ಲ ಎಣ್ಣೆಗೆ ಬಿಟ್ಟ ಪೂರಿಯ ಹಾಗೆ ಉಬ್ಬಿತ್ತು. ಲೂಲಾಳ ಹಣೆಯ ಮೇಲೆ ಅಂಗೈಯಗಲದ ಗುಳ್ಳೆ, ಕಣ್ಣಿನ ಕೆಳಗೆ ಇನ್ನೊಂದು. ಒಡೆಲ್ ಏಣಿ ಹತ್ತಿ ಸಣ್ಣ ಚಾಕುವಿನಿಂದ ಕಣ್ಣಿನ ಕೆಳಗಿನ ಗುಳ್ಳೆಯನ್ನು ಚುಚ್ಚಿದರು. ನೀರು ಗಲ್ಲದ ಮೇಲೆ ಇಳಿಯಿತು.

"ಬದುಕಿದ್ದಾಗ ಒಂದು ದಿನ ಅತ್ತೋಳಲ್ಲ ನಮ್ಮಮ್ಮ," ಎಂದರು ಅವರು ಏಣಿಯ ಮೇಲಿಂದಲೇ.

ನೀರು ಒಳಗೇ ಇತ್ತು. ಗೋಡೆಯ ಉಸಿರು ಕಟ್ಟಿಸಿದವಳು ತಾನು. ಶಾಂಭವಿ ಗೋಡೆಗೆ ಬೆನ್ನು ತಿರುಗಿಸಿದಳು. ಕಾರಿನಲ್ಲಿ ಕೂತು ಮನೆಗೆ ಬಂದುಬಿಟ್ಟಳು.

ಒಂಬತ್ತು ದಿನ ಅವಳು ಲಾಂಡ್ರಿಯ ಕಡೆ ತಲೆ ಹಾಕಲಿಲ್ಲ. ಕಾರ್ಖಾನೆಯವರು ತನ್ನನ್ನು ಕಳಿಸಿದ್ದು ಸರಿಯಾಗಿಯೇ ಇತ್ತೇನೋ ಎಂದು ಮೊದಲ ಸಲ ಅನ್ನಿಸಿತು. ರಾಜಶೇಖರ್ ತಮಾಷೆ ಮಾಡಿ ನೋಡಿದ, ಬೈದು ನೋಡಿದ, ಕೊನೆಗೆ ತಾನೇ ಒಂದು ಬ್ರಶ್ ತಂದು, "ಬಾ, ಊಟದ ಕೋಣಿ ನೀಲಿ ಮಾಡೂಣು," ಎಂದ. ಅವಳು ಅದಕ್ಕೂ ಏಳಲಿಲ್ಲ.

ಹತ್ತನೆಯ ದಿನ ಬೆಳಿಗ್ಗೆ ಅಂಬುಜಾ ಬಂದರು. ಈ ಸಲ ಬೆಲ್ ಒತ್ತಿದರು. ಒಂದು ಕೈಯಲ್ಲಿ ಪುಳಿಯೋಗರೆ, ಇನ್ನೊಂದು ಕೈಯಲ್ಲಿ ಹ್ಯಾಂಗರ್‌ಗೆ ಹಾಕಿದ ನಾಲ್ಕು ಸೂಟು. ಸೋಫಾದ ತುದಿಯಲ್ಲಿ ಕೂತು, ಶಾಂಭವಿಯ ಬಾಡಿದ ಮುಖ ನೋಡಿ ಅವರ ಕಣ್ಣು ತುಂಬಿತು.

"ಶಾಂಭವಿ, ನಮಗೆ ಹೇಳಬಾರದಾಗಿತ್ತಾ? ನಾವೇನು ಹೊರಗಿನೋರಾ? ಕೆಲಸದಲ್ಲಿ ಮೇಲು ಕೀಳು ಅಂತ ಇಲ್ಲಮ್ಮ, ನಾನೇನೂ ಹಾಗೆ ತಿಳ್ಕೊಂಡಿಲ್ಲ. ನೋಡು, ನಮ್ಮೆಜಮಾನ್ರ ಸೂಟು. ಹೇಗಿದ್ರೂ ಯಾರಿಗೋ ಒಗೆಯೋಕೆ ಕೊಡ್ತೀವಿ. ನಿಮ್ಮ ಲಾಂಡ್ರಿಗೇ ಕೊಡೋಣ ಅಂತ ತಂದೆ."

ಶಾಂಭವಿ ಬಾಯಿ ತೆರೆಯುವಷ್ಟರಲ್ಲಿ ಮತ್ತೆ ಬೆಲ್ ಆಯಿತು. ಬಾಗಿಲಲ್ಲಿ ಒಡೆಲ್ ನಿಂತಿದ್ದರು. ಅವರ ಹಿಂದೆ, ಹುಲ್ಲು ಕತ್ತರಿಸಿ ಬಾಚಿಟ್ಟಂತಿದ್ದ ಬೀದಿಯಲ್ಲಿ, ಅವರ ತುಕ್ಕು ಹಿಡಿದ ಟ್ರಕ್ಕು.

"ನಿಮ್ಮ ಮನೆ ಹುಡುಕೋದೇನು ಕಷ್ಟ ಆಗ್ಲಿಲ್ಲ," ಎಂದರು ಒಡೆಲ್. "ಯಾರ ಮನೆ ಬೇಕು ಅಂತ ಎರಡು ಕಡೆ ನಿಲ್ಲಿಸಿ ವಿಚಾರಿಸಿದ್ರು. ಒಬ್ಬರಂತೂ ನಾನು ಇಳಿಯೋ ತನಕ ಹಿಂದೇನೇ ಕಾರಲ್ಲಿ ಬಂದ್ರು. ತುಂಬ ಕಾಳಜಿಯ ಜನ."

ಅವರು ನಗುತ್ತಲೇ ಹೇಳಿದರು. ಕಪ್ಪು ಮನುಷ್ಯನ ಬೆನ್ನು ಹತ್ತಿದ ಆ ಕಾಳಜಿ ಎಂಥದೆಂದು ಶಾಂಭವಿಗೆ ಗೊತ್ತಿತ್ತು. ಅವಳು ಬಾಗಿಲಿನಿಂದ ಹೊರಬಂದು, ಎದುರುಮನೆಯ ಕಿಟಕಿಯಲ್ಲಿ ಪರದೆ ಸರಿಸಿ ನೋಡುತ್ತಿದ್ದವರಿಗೆ ಕಾಣುವ ಹಾಗೆ ಅವರ ತೋಳು ಹಿಡಿದು ಒಳಗೆ ಕರೆದುಕೊಂಡು ಬಂದಳು.

ಅಂಬುಜಾ ಎದ್ದು ನಿಂತರು. ಬಂದವರು ಲಾಂಡ್ರಿಯ ಯಜಮಾನರೇ ಇರಬೇಕೆಂದುಕೊಂಡು, ಎರಡು ಹೆಜ್ಜೆ ಮುಂದೆ ಬಂದು, ನಾಲ್ಕು ಸೂಟನ್ನೂ ಒಡೆಲ್ ಕೈಗೆ ಕೊಟ್ಟು, "ನೋ ಸ್ಟಾರ್ಚ್, ಪ್ಲೀಸ್," ಎಂದರು.

ಒಡೆಲ್ ಸೂಟುಗಳನ್ನು ನೋಡಿದರು. ಆಮೇಲೆ ಅಂಬುಜಾರ ಕಡೆ ತಿರುಗಿದರು. "ಥ್ಯಾಂಕ್ ಯೂ, ಮ್ಯಾಮ್. ಆದ್ರೆ ಇದು ನನಗೆ ಗಿಡ್ಡ ಆಗತ್ತೆ," ಎಂದರು.

ಶಾಂಭವಿಗೆ ಶೇಷಾದ್ರಿಯ ಈಮೇಲು, ಚಕ್ಕುಲಿ, ಬಿಸಿಬೇಳೆಬಾತ್ ಎಲ್ಲ ಒಟ್ಟಿಗೆ ಅರ್ಥವಾಯಿತು. ಅವಳು ನಗತೊಡಗಿದಳು. ಹತ್ತು ದಿನದ ಮೇಲೆ ಬಂದ ನಗು, ನಿಲ್ಲಿಸಲು ಆಗಲೇ ಇಲ್ಲ. ಕಣ್ಣೊರೆಸಿಕೊಂಡು ಒಡೆಲ್‌ಗೆ ಇಂಗ್ಲಿಷಿನಲ್ಲಿ, ಅಂಬುಜಾಗೆ ಕನ್ನಡದಲ್ಲಿ ವಿವರಿಸಿದಳು. ಅಂಬುಜಾ, "ಅಯ್ಯೋ ದೇವರೇ, ಇಡೀ ಕನ್ನಡ ಕೂಟಕ್ಕೆ ಹೇಳಿಬಿಟ್ಟಿದೀನಲ್ಲೇ!" ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡರು. ಒಡೆಲ್ ಸೋಫಾದ ಮೇಲೆ ಕುಸಿದು ತೊಡೆ ತಟ್ಟಿಕೊಂಡು ನಕ್ಕರು.

ಪುಳಿಯೋಗರೆ ತಿನ್ನುತ್ತ ಒಡೆಲ್ ತಾವು ಬಂದ ಕಾರಣ ಹೇಳಿದರು. ಗೋಡೆಯನ್ನು ಮೇಲಿನಿಂದ ಬಡಿದು ನೋಡಿದ್ದರು. ಹನ್ನೆರಡು ಅಡಿಯ ಮೇಲೆ ಒಂದು ಕಡೆ ಟೊಳ್ಳು ಸದ್ದು. ಎರಡು ಇಟ್ಟಿಗೆ ಕಿತ್ತಾಗ ಒಳಗೆ ಹಳೆಯ ಕಬ್ಬಿಣದ ಕೊಳವೆ. ತಾರಸಿಯ ಮಳೆನೀರು ಗೋಡೆಯೊಳಗಿಂದಲೇ ಇಳಿದು ಹೋಗುವ ಹಾಗೆ ಎಂದೋ ಕಟ್ಟಿದ್ದರು. ಕೊಳವೆ ಬಿರುಕು ಬಿಟ್ಟಿತ್ತು.

"ನೀವು ಕೈಗೆ ಎಟುಕಿದಷ್ಟೇ ಅಳೆದ್ರಿ," ಎಂದರು. "ನಾನು ಎರಡು ವರ್ಷದಿಂದ ಏಣಿ ಮೇಲೇ ಇದ್ದೆ, ಒಂದು ಸಲ ಗೋಡೆ ತಟ್ಟಿ ನೋಡ್ಲಿಲ್ಲ. ತಪ್ಪು ಅರ್ಧ ನಿಮ್ದು, ಅರ್ಧ ನಂದು. ಆಯ್ತಾ? ಈಗ ಬರ್ತೀರೋ, ಇಲ್ಲೇ ಕೂತಿರ್ತೀರೋ?"

"ಆ ಗೋಡೆ ಒಣಗೋಕೆ ಒಂದು ವರ್ಷ ಬೇಕು, ಒಡೆಲ್. ಸೆಪ್ಟೆಂಬರ್‌ಗೆ ಆಗಲ್ಲ."

"ಗೋಡೆ ವಿಷಯ ಬಿಡಿ. ಮೂವತ್ತಮೂರು ವರ್ಷದಲ್ಲಿ ನಾನು ಬಣ್ಣ ಹಾಕಿದ ಒಂದು ಹುಡ್ ಕೂಡ ಸಿಪ್ಪೆ ಎದ್ದದ್ದು ನೋಡಿಲ್ಲ."

ನಮ್ಮಲ್ಲಿ ಬಾನೆಟ್ ಎನ್ನುತ್ತೇವಲ್ಲ, ಕಾರಿನ ಮೂತಿಯ ಮೇಲಿನ ಮುಚ್ಚಳ, ಅದಕ್ಕೆ ಅಲ್ಲಿ ಹುಡ್ ಎನ್ನುತ್ತಾರೆ. ಗುಜರಿ ಅಂಗಡಿಯವನೊಬ್ಬ ಒಡೆಲ್‌ರ ಹಳೆಯ ಜೊತೆಗಾರ. ಆ ವರ್ಷ ಡೆಟ್ರಾಯ್ಟ್‌ನಲ್ಲಿ ಬೇರೆ ಯಾವುದಕ್ಕೆ ಬರವಿದ್ದರೂ ಹಳೆಯ ಕಾರಿಗೆ ಬರವಿರಲಿಲ್ಲ. ಒಯ್ದರೆ ಜಾಗ ಖಾಲಿಯಾಗುತ್ತದೆ, ಬೇಕಾದಷ್ಟು ಎತ್ತಿಕೊಂಡು ಹೋಗಿ ಎಂದಿದ್ದ. ಚಿತ್ರವನ್ನು ಹುಡ್‌ಗಳ ಮೇಲೆ ಬರೆದು ಗೋಡೆಗೆ ತೂಗುಹಾಕುವುದು ಒಡೆಲ್‌ರ ಯೋಚನೆ. ಶಾಂಭವಿ ಎದ್ದು ಹೋಗಿ ನೋಟ್‌ಬುಕ್ ತಂದಳು. ಗೋಡೆಗೂ ಹುಡ್‌ಗೂ ನಡುವೆ ಮೂರು ಇಂಚು ಸಂದಿ ಬಿಟ್ಟರೆ ಗಾಳಿಯಾಡುತ್ತದೆ, ಗೋಡೆಯೂ ತನ್ನ ಪಾಡಿಗೆ ತಾನು ಒಣಗುತ್ತದೆ ಎಂದು ಗೀಟು ಹಾಕಿ ತೋರಿಸಿದಳು. ಒಡೆಲ್ ಆ ಚಿತ್ರದ ಮೇಲೆ ಬೆರಳಿಟ್ಟು, "ಈ ಸಲ ಮೇಲಿನ ತನಕ ನೀವೇ ಹತ್ತಿ ಅಳೀಬೇಕು," ಎಂದರು.

ಅವಳು ಹತ್ತಿದಳು. ಮೇಲಿನ ಕೊನೆಯ ಇಟ್ಟಿಗೆಯ ತನಕ ಮೀಟರ್ ಹಿಡಿದು ಅಳೆದಳು.

ಇಪ್ಪತ್ತೆಂಟು ಹುಡ್ ಬಂದವು. ಒಂದು ಚಪ್ಪಟೆ, ಒಂದು ಡುಬ್ಬ, ಒಂದರ ಮೂತಿ ಚೂಪು. ಯೋಲಾಂಡಾ ಅವನ್ನೆಲ್ಲ ಲಾಂಡ್ರಿಯ ನೆಲದ ಮೇಲೆ ಹರಡಿ, ಒಂದನ್ನು ತಿರುಗಿಸಿ, ಇನ್ನೊಂದನ್ನು ತಲೆಕೆಳಗು ಮಾಡಿ, ಎರಡು ದಿನ ಹೊಂದಿಸಿದರು. ಅವರ ಅಜ್ಜಿ ಅಲಬಾಮಾದಲ್ಲಿ ಹಳೆಯ ಬಟ್ಟೆಯ ತುಂಡು ಜೋಡಿಸಿ ಹೊದಿಕೆ ಹೊಲಿಯುತ್ತಿದ್ದದ್ದು ಹೀಗೆಯೇ ಅಂತೆ. "ನಮ್ಮ ಕಡೆ ಅದಕ್ಕೆ ಕೌದಿ ಅಂತೀವಿ," ಎಂದಳು ಶಾಂಭವಿ. ಯೋಲಾಂಡಾ ಆ ಪದವನ್ನು ನಾಲ್ಕು ಸಲ ಬಾಯಲ್ಲಿ ತಿರುಗಿಸಿ, ಕಡೆಗೆ "ಕೌಡಿ" ಎಂಬಲ್ಲಿಗೆ ನಿಲ್ಲಿಸಿದರು. ಅಲ್ಲಿಂದ ಆ ಕೆಲಸಕ್ಕೆ ಅದೇ ಹೆಸರಾಯಿತು.

ಹುಡ್‌ಗಳ ಹಳೆಯ ಬಣ್ಣದ ಹೊಳಪು ಹೋಗುವ ತನಕ ಉಜ್ಜಬೇಕಿತ್ತು. ಅದಕ್ಕೆ ಕೈಗಳು ಬೇಕಿದ್ದವು. ಲಾಂಡ್ರಿಯ ಉಳಿದ ಕಲಾವಿದರು ತಮ್ಮ ಕೆಲಸ ಬದಿಗಿಟ್ಟು ಬಂದರು. ಕ್ಷೌರದಂಗಡಿಯಿಂದ ಇಬ್ಬರು, ಚರ್ಚಿನಿಂದ ಆರು ಜನ ಹೆಂಗಸರು ಬಂದರು. ಒಂದು ಶನಿವಾರ ಶೇಷಾದ್ರಿ ದಂಪತಿ ಕನ್ನಡ ಕೂಟದ ಎರಡು ಕಾರು ತುಂಬ ಜನರನ್ನು ಕರೆತಂದರು. ಅವರಲ್ಲಿ ಅರ್ಧ ಜನ ಶಾಂಭವಿಯಂತೆಯೇ ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತವರು. ಶೇಷಾದ್ರಿ ಸ್ಯಾಂಡ್‌ಪೇಪರ್ ಹಿಡಿದು ಒಂದೇ ಹುಡ್ಡನ್ನು ಇಡೀ ದಿನ ಉಜ್ಜಿದರು.

"ಅಂಕಲ್, ಇನ್ನು ಸಾಕು, ಆಚೆ ಬದಿ ಕಾಣಿಸ್ತಿದೆ," ಎಂದು ಕೂಟದ ಹುಡುಗರು ಹೇಳಿದರೂ ಅವರು ಬಿಡಲಿಲ್ಲ. ಅಂಬುಜಾ ಚರ್ಚಿನ ಹೆಂಗಸರಿಗೆ ಚಕ್ಕುಲಿ ಕೊಟ್ಟು, ಅವರಿಂದ ಸಿಹಿಗೆಣಸಿನ ಪೈ ಮಾಡುವುದನ್ನು ಬರೆದುಕೊಂಡರು. ಮೊಟ್ಟೆ ಹಾಕದೆ ಆಗುತ್ತದೆಯೇ ಎಂಬ ಪ್ರಶ್ನೆಯ ಮೇಲೆ ಅರ್ಧ ಗಂಟೆ ಚರ್ಚೆಯಾಯಿತು.

ಆಗಸ್ಟ್ ಪೂರ್ತಿ ಒಡೆಲ್ ಬರೆದರು. ಶಾಂಭವಿ ಪ್ರೈಮರ್ ಹೊಡೆದು, ಬಣ್ಣ ಬೆರೆಸಿ, ಒಂದೊಂದು ಹುಡ್‌ಗೂ ನೀರು ಚಿಮುಕಿಸಿ, ಬಿಸಿಲಲ್ಲಿಟ್ಟು ಪರೀಕ್ಷೆ ಮಾಡಿದಳು. ತಾಯಿಯ ಮುಖವನ್ನು ಒಡೆಲ್ ಕೊನೆಗೆ ಬರೆದರು. ಅವರ ಹತ್ತಿರ ಒಂದೇ ಫೋಟೋ ಇತ್ತು. ಲಾಂಡ್ರಿಯ ಎಲ್ಲ ಹೆಂಗಸರೂ ದೂರದಲ್ಲಿ ನಿಂತದ್ದು, ಮುಖಗಳು ಎಳ್ಳಿನಷ್ಟು. ಉಳಿದದ್ದು ಒಂಬತ್ತು ವರ್ಷದ ಹುಡುಗನ ನೆನಪು.

ಸೆಪ್ಟೆಂಬರ್ ಎರಡನೆಯ ಶನಿವಾರದ ಮುನ್ನಾದಿನ, ಶುಕ್ರವಾರದ ಹೊತ್ತಿಗೆ ಇಪ್ಪತ್ತೆಂಟು ಹುಡ್ ಗೋಡೆಯ ಮೇಲೆ ಬೋಲ್ಟ್ ಬಿಗಿದು ಕೂತಿದ್ದವು. ಅಂದು ಮಧ್ಯಾಹ್ನ ಶಿಕಾಗೊದಿಂದ ರೈಲಿನಲ್ಲಿ ಒಡೆಲ್‌ರ ಅಕ್ಕ ಅರ್ನೆಸ್ಟೀನ್ ಬಂದಿಳಿದರು. ಎಪ್ಪತ್ತಾರು ವರ್ಷ, ನೇರಳೆ ಟೊಪ್ಪಿಗೆ, ಬೆತ್ತ. ಅವರು ಊರು ಬಿಟ್ಟು ಐವತ್ತೆಂಟು ವರ್ಷವಾಗಿತ್ತು. ಶಾಂಭವಿ ಅವರಿಗೆ ಗೋಡೆಯ ಎದುರು ಒಂದು ಕುರ್ಚಿ ಹಾಕಿಕೊಟ್ಟಳು. ಅವರು ಕೂರಲಿಲ್ಲ. ಬೆತ್ತ ಊರಿಕೊಂಡು ತುಂಬ ಹೊತ್ತು ನೋಡಿದರು. ಒಡೆಲ್ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು, ಪರೀಕ್ಷೆಗೆ ಬಂದ ಹುಡುಗನ ಹಾಗೆ ಪಕ್ಕದಲ್ಲಿ ನಿಂತಿದ್ದರು.

"ಚೆನ್ನಾಗಿದೆ," ಎಂದರು ಅರ್ನೆಸ್ಟೀನ್ ಕೊನೆಗೆ. "ಆದ್ರೆ ಇವಳು ಯಾರೋ ಒಳ್ಳೇ ಹೆಂಗಸು. ನಮ್ಮಮ್ಮ ಅಲ್ಲ."

ಅವರು ಬೆತ್ತ ಎತ್ತಿ ಮೇಲಿನ ಮುಖವನ್ನು ತೋರಿಸಿದರು.

"ಬಾಯಿ ಮುಚ್ಚಿ ಬರ್ದಿದೀಯಲ್ಲೋ, ಒಡೆಲ್. ಆ ಬಾಯಿ ಮುಚ್ಚಿದ್ದು ಯಾವಾಗ ನೋಡಿದ್ದೆ ನೀನು?"

"ನನಗೆ ನೆನಪಿರೋದು ಹಾಗೇ. ಸುಮ್ಮನೆ ಮಲಗಿದ್ಲು."

"ಅದು ಕಾಯಿಲೆ ಬಿದ್ದಾಗ. ಕಡೇ ವರ್ಷ. ನಿನಗೆ ಅದೊಂದೇ ನೆನಪಿದೆ." ಅರ್ನೆಸ್ಟೀನ್ ದನಿ ಮೆತ್ತಗಾಯಿತು. "ಅದಕ್ಕೂ ಮುಂಚೆ ಈ ಕಟ್ಟಡದಲ್ಲಿ ಅವಳಷ್ಟು ಜೋರಾಗಿ ನಗೋರು ಇನ್ನೊಬ್ಬರಿರಲಿಲ್ಲ ಕಣೋ. ಮುಂದಿನ ಎರಡು ಹಲ್ಲಿನ ಮಧ್ಯೆ ಒಂದು ಬೆರಳು ಸಂದು. ಅದರಿಂದ ಸಿಳ್ಳೆ ಹಾಕ್ತಿದ್ಲು. ಬೀದಿ ತುದೀಲಿ ಸಿಳ್ಳೆ ಕೇಳಿದ್ರೆ ನಾನು ನಿನ್ನ ಮುಖ ತೊಳೆಸಿ ಬಾಗಿಲಲ್ಲಿ ನಿಲ್ಲಿಸ್ತಿದ್ದೆ."

ಒಡೆಲ್ ಮೇಲಿನ ಮುಖವನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಶಾಂಭವಿಯ ಕಡೆ ತಿರುಗಿದರು. "ಅಮ್ಮನ ಮುಖದ ಹುಡ್‌ಗೆ ಬೋಲ್ಟ್ ಎಷ್ಟು?"

"ನಾಲ್ಕು," ಎಂದಳು ಶಾಂಭವಿ. ಅವಳ ಕೈ ಆಗಲೇ ಪಾನಾ ಹುಡುಕುತ್ತಿತ್ತು.

ಗೋಡೆಯ ಮೇಲೆಯೇ ಬರೆದಿದ್ದರೆ ಇದು ಆಗುವ ಮಾತಾಗಿರಲಿಲ್ಲ. ಶನಿವಾರ ಬೆಳಿಗ್ಗೆ ಏಳಕ್ಕೇ ಲೂಲಾಳ ಮುಖ ಲಾಂಡ್ರಿಯ ಮೇಜಿನ ಮೇಲೆ ಮಲಗಿತ್ತು. ಒಡೆಲ್ ಬಾಯಿಯನ್ನು ಅಳಿಸಿ ಹೊಸದಾಗಿ ಬರೆದರು. ಅರ್ನೆಸ್ಟೀನ್ ಪಕ್ಕದಲ್ಲಿ ಕೂತು, "ಇನ್ನೂ ಅಗಲ. ಇನ್ನೂ. ಸಂದು ದೊಡ್ಡದು ಮಾಡು, ನಾಚಿಕೋಬೇಡ," ಎನ್ನುತ್ತಿದ್ದರು. ಹತ್ತೂವರೆಗೆ ಮುಗಿಯಿತು. ಹನ್ನೊಂದಕ್ಕೆ ಜನ ಬರುವವರು. ಬಣ್ಣ ಒಣಗಿರಲಿಲ್ಲ. ಹತ್ತೊಂಬತ್ತು ವರ್ಷ ಬಣ್ಣ ಒಣಗಲೆಂದು ಕಾರುಗಳನ್ನು ದೊಡ್ಡ ಒಲೆಯಲ್ಲಿ ಬೇಯಿಸಿದ ಶಾಂಭವಿ ಈಗ ಅರ್ನೆಸ್ಟೀನ್‌ರ ಕೂದಲು ಒಣಗಿಸುವ ಡ್ರೈಯರ್ ಹಿಡಿದು ಲೂಲಾಳ ಹಲ್ಲಿಗೆ ಬಿಸಿಗಾಳಿ ಕೊಟ್ಟಳು. ರಾಜಶೇಖರ್ ಆಚೆ ತುದಿಯಲ್ಲಿ ನಿಂತು ಒಂದು ರಟ್ಟಿನಿಂದ ಬೀಸಿದ.

"ಎಂ.ಡಿ. ಮಾಡಿದ್ದು ಇದಕ್ಕ ನೋಡು," ಎಂದ.

"ಮಾತಾಡಬ್ಯಾಡ್ರಿ, ಉಗುಳು ಸಿಡೀತದ," ಎಂದಳು ಶಾಂಭವಿ.

ಹುಡ್ ಮತ್ತೆ ಮೇಲೇರಿತು. ಬೀದಿಯ ತುಂಬ ಜನ. ಯೋಲಾಂಡಾ ಎರಡು ಮಾತಾಡಿ, ಇನ್ನು ಚಿತ್ರಕಾರರು ಮಾತಾಡುತ್ತಾರೆ ಎಂದು ಮೈಕ್ ಕೊಟ್ಟರು. ಒಡೆಲ್ ಜೇಬಿನಿಂದ ಚೀಟಿ ತೆಗೆದರು. ಮೇಲೆ ನೋಡಿದರು. ಚೀಟಿ ಮತ್ತೆ ಜೇಬಿಗೆ ಹೋಯಿತು. "ನಮ್ಮಕ್ಕನಿಗೆ ಗೊತ್ತು," ಎಂದು ಮೈಕನ್ನು ಅರ್ನೆಸ್ಟೀನ್ ಕೈಗೆ ಕೊಟ್ಟರು.

ಅರ್ನೆಸ್ಟೀನ್ ಮುಕ್ಕಾಲು ಗಂಟೆ ಮಾತಾಡಿದರು. ಇಸ್ತ್ರಿಯ ಉಗಿಯಲ್ಲಿ ಲೂಲಾ ಹಾಡು ಕಟ್ಟಿದ್ದು, ಸೂಪರ್‌ವೈಸರ್‌ನ ಟೊಪ್ಪಿಗೆಯನ್ನು ಹಾಸುಬಟ್ಟೆಯ ಜೊತೆ ಮಡಚಿ ಹೋಟೆಲಿಗೆ ಕಳಿಸಿದ್ದು, ಮಿಸೆಸ್ ಗ್ರೀರ್ ಕೈ ಸುಟ್ಟುಕೊಂಡಾಗ ಇಡೀ ಪಾಳಿಯವರನ್ನು ಎಬ್ಬಿಸಿಕೊಂಡು ಹೊರಗೆ ನಡೆದದ್ದು. ಗುಂಪಿನಲ್ಲಿದ್ದ ಮುದುಕಿಯರು, "ಹೌದು, ಹೌದು, ನಾನೂ ಇದ್ದೆ," ಎಂದು ಕೂಗಿದರು. ಒಡೆಲ್ ಮೆಟ್ಟಿಲ ಮೇಲೆ ಕೂತು, ಮೊಣಕಾಲ ಮೇಲೆ ಗಲ್ಲವೂರಿ, ತನ್ನ ತಾಯಿಯ ಕಥೆಯನ್ನು ಬೀದಿಯವರ ಜೊತೆಗೆ ಮೊದಲ ಸಲ ಕೇಳಿದರು. ಅವರ ಪಕ್ಕದಲ್ಲಿ ಜಾಗವಿತ್ತು. ಶಾಂಭವಿ ಹೋಗಿ ಕೂತಳು.

ಮುಂದಿನ ಮಾರ್ಚ್‌ನಲ್ಲಿ ಒಂದು ಗಂಟೆ ದಾರಿಯ ಟೊಲೀಡೊದಲ್ಲಿ, ಒಂದು ಬಣ್ಣದ ಲ್ಯಾಬಿನಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಶನಿವಾರ ಬರುವುದಿಲ್ಲ ಎಂದು ಸೇರುವ ಮೊದಲೇ ಹೇಳಿದಳು. ಯಾಕೆ ಎಂದು ಅವರು ಕೇಳಿದಾಗ, "ಡೆಟ್ರಾಯ್ಟ್‌ನಲ್ಲಿ ಇಬ್ಬರು ಹೊಸ ಚಿತ್ರಕಾರರಿದ್ದಾರೆ. ಅವರಿಗೆ ಇನ್ನೂ ಹದಿನಾಲ್ಕು ಹುಡ್ ಬೇಕು," ಎಂದಳು.